ಕ್ಲಬ್‌ಹೆಡ್‌ನ ಭಾರವೇ ಕೈಗೆ ಗೊತ್ತಾಗುತ್ತಿಲ್ಲ, ವೇಗವೆಲ್ಲ ಚೆಂಡಿಗೆ ಮೊದಲೇ ಖಾಲಿ. ಏನು ಮಾಡಲಿ?

ಬಾಣೇರಿನ_ಬೆಳಗಾವಿಗ

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿದ್ದೇನೆ, ವಯಸ್ಸು 43. ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯಿತು. ವಾರಕ್ಕೆ ಎರಡು ದಿನ ಅಭ್ಯಾಸದ ರೇಂಜ್‌ಗೆ ಹೋಗುತ್ತೇನೆ. ತಿಂಗಳಿಗೊಮ್ಮೆ ಸ್ನೇಹಿತರು ಕರೆದರೆ 18 ಹೋಲ್ ಆಡುತ್ತೇನೆ.

ತೊಂದರೆ ಹೀಗಿದೆ. ಆರು ತಿಂಗಳ ಹಿಂದೆ ಒಬ್ಬ ಕೋಚ್ ನನ್ನ ಸ್ವಿಂಗ್ ನೋಡಿದರು. "ಚೆಂಡಿನ ಹತ್ತಿರ ಬರುವಾಗ ನಿಧಾನ ಆಗುತ್ತಿದ್ದೀರಿ, ಆಕ್ಸಿಲರೇಟ್ ಮಾಡಿ" ಎಂದರು. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವತ್ತಿನಿಂದ ಕ್ಲಬ್ (ಚೆಂಡು ಹೊಡೆಯುವ ಕೋಲು) ಮೇಲೆ ಹೋದ ತಕ್ಷಣ ಎರಡೂ ಕೈಯಿಂದ ಜಗ್ಗಿ ಕೆಳಗೆ ತರುತ್ತೇನೆ. ಮೊದಲು 7 ಐರನ್ ಕ್ಲಬ್ಬಿನಿಂದ ಚೆಂಡು 130 ಗಜ ಹೋಗುತ್ತಿತ್ತು, ಈಗ 115. ಜಾಸ್ತಿ ಶಕ್ತಿ ಹಾಕಿದಷ್ಟೂ ದೂರ ಕಡಿಮೆ ಆಗುತ್ತಿದೆ. ದೂರ ಹೊಡೆಯುವ ಉದ್ದದ ಕ್ಲಬ್ ಡ್ರೈವರ್ ಹಿಡಿದರೆ ಚೆಂಡು ಬಲಕ್ಕೆ ಬಾಗಿ ಮರಗಳ ಒಳಗೆ ಹೋಗುತ್ತದೆ.

ಸ್ನೇಹಿತನೊಬ್ಬ ಫೋನಿನಲ್ಲಿ ವಿಡಿಯೋ ಮಾಡಿಕೊಟ್ಟ. ನಿಧಾನವಾಗಿ ಓಡಿಸಿ ನೋಡಿದೆ. ಕೈಗಳು ಇನ್ನೂ ಭುಜದ ಎತ್ತರದಲ್ಲಿರುವಾಗಲೇ ಮಣಿಕಟ್ಟು ಬಿಚ್ಚಿಕೊಂಡಿದೆ. ಕ್ಲಬ್ಬಿನ ತಲೆ ಆಗಲೇ ಕೈಗಳನ್ನು ದಾಟಲು ಹೊರಟಿದೆ. ಕಾಸ್ಟಿಂಗ್ ಅನ್ನುತ್ತಾರಲ್ಲ, ಅದೇ.

ಅನುಭವಸ್ಥರು "ಕ್ಲಬ್‌ಹೆಡ್ ಫೀಲ್ ಮಾಡು" ಎನ್ನುತ್ತಾರೆ. ನನ್ನ ಕೈಗೆ ಒಂದು ಕೋಲು ಹಿಡಿದ ಹಾಗೆ ಅನ್ನಿಸುತ್ತದೆ ಅಷ್ಟೆ, ಅದರ ತುದಿಯಲ್ಲಿ ತಲೆ ಇದೆ ಅಂತಲೇ ಅನ್ನಿಸುವುದಿಲ್ಲ. ಇದನ್ನು ಕಲಿಯುವುದು ಹೇಗೆ? ವೇಗ ನಿಜವಾಗಿ ಎಲ್ಲಿ ಬರಬೇಕು? ದಯವಿಟ್ಟು ಹೇಳಿ. ಈ ಆಟ ನನಗೆ ತುಂಬಾ ಇಷ್ಟ, ಬಿಡುವ ಮನಸ್ಸಿಲ್ಲ.

ಮುಲುಂಡ್_ಮಾವ

ಗ್ರಿಪ್ ಬಿಗಿ. ನೂರಕ್ಕೆ ನೂರು ಗ್ರಿಪ್ ಬಿಗಿ.

ಚೆಂಬೂರು_ಶೆಟ್ರು

ಮಾವ ಹೇಳಿದ್ದು ಸರಿ, ಆದರೆ ಅಷ್ಟು ಹೇಳಿದರೆ ಸಾಲದು ಮಾರಾಯ್ರೇ. ಅವರು ಯಾಕೆ ಬಿಗಿ ಹಿಡಿಯುತ್ತಾರೆ ಅಂತ ನೋಡಬೇಕು. "ಹೊಡಿ" ಅನ್ನುವ ಯೋಚನೆ ಬಂದ ಕೂಡಲೇ ಕೈ ತಾನಾಗಿ ಬಿಗಿಯಾಗುತ್ತದೆ. ಬಿಗಿಯಾದ ಕೈಗೆ ಭಾರ ತಿಳಿಯುವುದಿಲ್ಲ. ತರಕಾರಿ ಚೀಲವನ್ನು ಬೆರಳಲ್ಲಿ ತೂಗಾಡಿಸಿ ಹಿಡಿದರೆ ಎಷ್ಟು ಕೆಜಿ ಅಂತ ಅಂದಾಜು ಸಿಗುತ್ತದೆ, ಅಲ್ವಾ? ಅದೇ ಚೀಲವನ್ನು ಮುಷ್ಟಿ ಕಟ್ಟಿ ಎದೆಗೆ ಒತ್ತಿ ಹಿಡಿಯಿರಿ, ಅಂದಾಜು ಹೋಯಿತು.

ಬೆಳಗಾವಿಯವರೇ, ನಾಳೆ ರೇಂಜ್‌ಗೆ ಹೋದಾಗ ಮೊದಲ ಹತ್ತು ನಿಮಿಷ ಚೆಂಡು ಮುಟ್ಟಬೇಡಿ. ಡ್ರೈವರನ್ನು ತಲೆಕೆಳಗಾಗಿ ಹಿಡಿಯಿರಿ. ತಲೆಯ ಹತ್ತಿರ ಶಾಫ್ಟ್ (ಕ್ಲಬ್ಬಿನ ಉದ್ದನೆಯ ದಂಡ) ಹಿಡಿದು, ಗ್ರಿಪ್ (ಹಿಡಿಕೆ) ಇರುವ ಕಡೆಯನ್ನು ಗಾಳಿಯಲ್ಲಿ ಬೀಸಿ. "ಸುಂಯ್" ಅಂತ ಸದ್ದು ಬರುತ್ತದೆ. ಆ ಸದ್ದು ಎಲ್ಲಿ ಬರುತ್ತದೆ ಅಂತ ಕಿವಿಗೊಟ್ಟು ಕೇಳಿ. ನಿಮ್ಮ ವಿಷಯದಲ್ಲಿ ಅದು ಬಲಗಿವಿಯ ಪಕ್ಕದಲ್ಲೇ ಬರುತ್ತಿರುತ್ತದೆ. ಚೆಂಡು ಇರುವ ಜಾಗದಲ್ಲಿ, ಇನ್ನೂ ಒಳ್ಳೆಯದೆಂದರೆ ಅದಕ್ಕಿಂತ ಸ್ವಲ್ಪ ಮುಂದೆ, ಎಡಗಾಲಿನ ಕಡೆ ಬರಬೇಕು. ಸದ್ದಿನ ಜಾಗ ಮುಂದಕ್ಕೆ ಹೋಗುವ ತನಕ ಬೀಸುತ್ತಾ ಇರಿ. ಯಾರ ವಿವರಣೆಯೂ ಬೇಕಿಲ್ಲ, ಕಿವಿಯೇ ಕೋಚ್.

ಇನ್ನೊಂದು ಮಾತು. ನಮ್ಮ ಚೆಂಬೂರಿನಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇದೆ, 1927ರಿಂದ. ಅದರ ಸುತ್ತಿನ ಬಸ್ತಿಗಳ ಹುಡುಗರು ಆಟಗಾರರ ಬ್ಯಾಗ್ ಹೊರುವ ಕ್ಯಾಡಿ ಕೆಲಸ ಮಾಡುತ್ತಾರೆ. ಅವರು ತಮ್ಮ ಗಲ್ಲಿಗಳಲ್ಲೇ ಗಾಲ್ಫ್ ಆಡುತ್ತಾರೆ. ಕಟ್ಟಡದ ಕಬ್ಬಿಣದ ಸರಳು ಬಗ್ಗಿಸಿ ಮಾಡಿದ ಕ್ಲಬ್, ಪ್ಲಾಸ್ಟಿಕ್ ಚೆಂಡು. ಮನೆಗಳ ನಡುವೆ ಕೈ ಅಗಲಿಸಲೂ ಜಾಗ ಇರುವುದಿಲ್ಲ. ಆ ಹುಡುಗರ ಸ್ವಿಂಗ್ ನೋಡಬೇಕು ನೀವು. ಆತುರವೇ ಇಲ್ಲ. ಸರಳಿನ ತುದಿ ತಾನೇ ಬಂದು ಬೀಳುತ್ತದೆ. ಇಪ್ಪತ್ತು ವರ್ಷ ಆಡಿದ ನನಗೆ ಅದನ್ನು ನೋಡಿದಾಗಲೆಲ್ಲ ಕಣ್ಣು ತುಂಬಿ ಬರುತ್ತದೆ.

ಪಿಂಪ್ರಿ_ಮೆಕ್ಯಾನಿಕಲ್

ಶೆಟ್ರ ಡ್ರಿಲ್ ಒಳ್ಳೆಯದು. ಆದರೆ "ಚೆಂಡಿನ ಮೂಲಕ ಆಕ್ಸಿಲರೇಟ್ ಮಾಡು" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಇದರಿಂದಲೇ ಎಷ್ಟೋ ಜನ ಹಾಳಾಗುತ್ತಿದ್ದಾರೆ.

ಕ್ಲಬ್‌ಹೆಡ್ ಮತ್ತು ಚೆಂಡು ಒಂದಕ್ಕೊಂದು ತಾಗಿಕೊಂಡಿರುವುದು ಅರ್ಧ ಮಿಲಿಸೆಕೆಂಡ್ ಮಾತ್ರ. ಒಂದು ಸೆಕೆಂಡನ್ನು 2000 ಭಾಗ ಮಾಡಿ, ಅದರಲ್ಲಿ ಒಂದು. ತಲೆ ಗಂಟೆಗೆ 100 ಮೈಲಿ ವೇಗದಲ್ಲಿ ಬಂದರೂ ಅಷ್ಟರಲ್ಲಿ ಅದು ಚಲಿಸುವುದು ಸುಮಾರು 2 ಸೆಂಟಿಮೀಟರ್. ಆ 2 ಸೆಂಟಿಮೀಟರ್‌ನಲ್ಲಿ ನಿಮ್ಮ ಕೈ ಏನು ಮಾಡಿದರೂ ಚೆಂಡಿಗೆ ತಲುಪುವುದಿಲ್ಲ. ಡ್ರೈವರ್ ತಲೆ ಸುಮಾರು 200 ಗ್ರಾಂ, ಚೆಂಡು ಹೆಚ್ಚೆಂದರೆ 45.93 ಗ್ರಾಂ. ಲೆಕ್ಕ ಹಾಕಿದರೆ, ಡಿಕ್ಕಿಯಲ್ಲಿ ತಲೆ ತನ್ನ ವೇಗದ ಮೂರನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅಂದರೆ ಜಗತ್ತಿನ ಯಾವ ಆಟಗಾರನ ಕ್ಲಬ್ಬೂ ಚೆಂಡಿನ ಮೂಲಕ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ಎಲ್ಲರದ್ದೂ ನಿಧಾನವೇ ಆಗುತ್ತದೆ.

ತಾಗುವ ಕ್ಷಣದಲ್ಲಿ ತಲೆಯ ವೇಗ ಎಷ್ಟಿತ್ತು, ಅದೊಂದೇ ಮುಖ್ಯ. ಆ ವೇಗ ಹುಟ್ಟುವುದು ಹೇಗೆ? ಒಳ್ಳೆಯ ಆಟಗಾರರನ್ನು ಅಳೆದು ನೋಡಿದರೆ, ಮೊದಲು ಸೊಂಟ ವೇಗ ಪಡೆದು ನಿಧಾನ ಆಗುತ್ತದೆ. ಆಮೇಲೆ ಎದೆ, ಆಮೇಲೆ ತೋಳು. ಕೊನೆಗೆ ಕ್ಲಬ್. ಚೆಂಡಿನ ಹತ್ತಿರ ಬರುವಾಗ ಕೈಗಳು ನಿಜವಾಗಿ ನಿಧಾನ ಆಗುತ್ತಿರುತ್ತವೆ. ಕೈಗಳ ವೇಗ ತಲೆಗೆ ವರ್ಗ ಆಗುತ್ತಿರುತ್ತದೆ. ಬಸ್ಸಿಗೆ ಬ್ರೇಕ್ ಹಾಕಿದರೆ ನಿಂತವರು ಮುಂದಕ್ಕೆ ನುಗ್ಗುತ್ತಾರಲ್ಲ, ಹಾಗೆ.

ಬೆಳಗಾವಿಯವರ ವಿಷಯದಲ್ಲಿ ಈ ವರ್ಗಾವಣೆ ಭುಜದ ಎತ್ತರದಲ್ಲೇ ನಡೆದುಹೋಗಿದೆ. ಚೆಂಡಿನ ಹತ್ತಿರ ಬರುವಾಗ ಕೊಡಲು ಏನೂ ಉಳಿದಿಲ್ಲ. ಹಾಗಾಗಿ ಆ ಕೋಚ್ ಕಂಡ "ನಿಧಾನ" ನಿಜ. ಕೊಟ್ಟ ಮದ್ದು ಮಾತ್ರ ರೋಗ ಹೆಚ್ಚಿಸುವಂಥದ್ದು.

ಚೆಂಬೂರು_ಶೆಟ್ರು

ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ಸಣ್ಣ ಹೊಡೆತಗಳ ಕತೆ ಬೇರೆ. ಗ್ರೀನ್ (ಹೋಲ್ ಇರುವ ನುಣುಪು ಹುಲ್ಲಿನ ಜಾಗ) ಪಕ್ಕದಲ್ಲಿ 20 ಗಜದ ಚಿಪ್ ಆಡುವಾಗ ಜನ ಕ್ಲಬ್ಬನ್ನು ಸೊಂಟದ ಮೇಲಿನವರೆಗೆ ಒಯ್ಯುತ್ತಾರೆ. ಕೆಳಗೆ ಬರುವಾಗ "ಅಯ್ಯೋ ಜಾಸ್ತಿ ಆಯಿತು" ಅಂತ ಭಯ ಬಿದ್ದು ಕೈ ಹಿಡಿದುಬಿಡುತ್ತಾರೆ. ಕ್ಲಬ್ ನೆಲಕ್ಕೆ ಕಚ್ಚಿ ನಿಲ್ಲುತ್ತದೆ, ಚೆಂಡು ಎರಡಡಿ ಹೋಗುತ್ತದೆ. ಬಂಕರ್, ಅಂದರೆ ಮರಳಿನ ಗುಂಡಿಯಲ್ಲಂತೂ ದಿನಾ ನೋಡುತ್ತೇನೆ. ಅವರಿಗೆ "ನಿಲ್ಲಿಸಬೇಡಿ, ಮುಂದಕ್ಕೆ ಹೋಗಲಿ" ಅಂತ ಹೇಳಲೇಬೇಕು.

ಪಿಂಪ್ರಿ_ಮೆಕ್ಯಾನಿಕಲ್

ಅಲ್ಲಿಯೂ ಹೇಳಬೇಕಾದ್ದು "ಹಿಂದಕ್ಕೆ ಕಡಿಮೆ ಒಯ್ಯಿರಿ" ಅಂತ. ಹಿಂದಿನ ಅಳತೆ ಸರಿ ಇದ್ದರೆ ಕೈ ಹಿಡಿಯುವ ಭಯವೇ ಬರುವುದಿಲ್ಲ.

ಚೆಂಬೂರು_ಶೆಟ್ರು

ಅದು ಸರಿ. ಆದರೆ ಬಂಕರ್‌ನಲ್ಲಿ ಕಡಿಮೆ ಒಯ್ದರೆ ಮರಳಿನಿಂದ ಹೊರಗೇ ಬರುವುದಿಲ್ಲ. ಅಲ್ಲಿ ಧೈರ್ಯವೂ ಬೇಕು.

ಠಾಣೆಯ_ಶಿರಸಿ_ಅಕ್ಕ

ನಾನು ಐದು ವರ್ಷದಿಂದ ಆಡುತ್ತಿದ್ದೇನೆ. ಬೆಳಗಾವಿ ಅಣ್ಣ, ನಿಮ್ಮದೇ ಕಷ್ಟ ನನಗೂ ಇತ್ತು. ನನಗೆ ದಾರಿ ಸಿಕ್ಕಿದ್ದು ಊರಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ರಜೆಗೆ ಹೋದಾಗ ಅಮ್ಮ ಒದ್ದೆ ಚಾದರ ಒಗೆಯುತ್ತಿದ್ದರು. ಒದ್ದೆಯಾದ ಚಾದರ ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು. ಅಮ್ಮನಿಗೆ ಅರವತ್ತೆಂಟು. ಸಣಕಲು ದೇಹ. ಅವರು ಅದನ್ನು ತಲೆಯ ಮೇಲೆ ಎತ್ತಿ ಕಲ್ಲಿಗೆ ಬಡಿದರೆ ಸದ್ದು ತೋಟದ ಆಚೆ ಕೇಳುತ್ತದೆ. ನಾನು ತೆಗೆದುಕೊಂಡು ಬಡಿದೆ. "ಥಪ್" ಅಂತ ಸತ್ತ ಸದ್ದು. "ಹಂಗಲ್ಲ, ಬಟ್ಟೆ ಹಿಂದೆ ಪೂರ್ತಿ ಹೋಗಲಿ, ಅದು ನಿನ್ನ ಕೈ ಜಗ್ಗುವ ತನಕ ಕಾಯಿ" ಎಂದರು ಅಮ್ಮ.

ಅಲ್ಲಿಯೇ ಗೊತ್ತಾಯಿತು. ಬಟ್ಟೆಯ ತುದಿ ಇನ್ನೂ ಬೆನ್ನ ಹಿಂದೆ ಹೋಗುತ್ತಿರುವಾಗಲೇ ಅಮ್ಮನ ಸೊಂಟ ಮುಂದಕ್ಕೆ ತಿರುಗಿರುತ್ತದೆ. ಕೈ ಆಮೇಲೆ ಬರುತ್ತದೆ. ಬಟ್ಟೆ ಎಲ್ಲಕ್ಕಿಂತ ಕೊನೆಗೆ. ನಾನು ಬಟ್ಟೆ ಹಿಂದೆ ಹೋಗುವ ಮೊದಲೇ ಕೈಯಿಂದ ಎಳೆದಿದ್ದೆ.

ಮುಂಬೈಗೆ ಬಂದು ದೊಡ್ಡ ಟವೆಲ್ಲಿನ ತುದಿಗೆ ಗಂಟು ಹಾಕಿ ಒದ್ದೆ ಮಾಡಿದೆ. ಟೆರೇಸ್‌ನಲ್ಲಿ ಗಾಲ್ಫ್ ಸ್ವಿಂಗ್ ಹಾಗೆ ಬೀಸಿದೆ. ಟವೆಲ್ ಹಿಂದೆ ಹೋಗಿ ಭುಜಕ್ಕೆ ತಾಗಬೇಕು. ತಾಗಿದ ಮೇಲೆಯೇ ಕೆಳಗೆ ಬರಬೇಕು. ಆತುರ ಪಟ್ಟರೆ ಟವೆಲ್ ಮುದುಡಿ ಎಲ್ಲೋ ಹೋಗುತ್ತದೆ. ಒಂದು ಇಡೀ ಮಳೆಗಾಲ ದಿನಾ ಐವತ್ತು ಸಲ ಇದನ್ನೇ ಮಾಡಿದೆ. ಅಕ್ಟೋಬರ್‌ನಲ್ಲಿ ಕೋರ್ಸ್‌ಗೆ ಹೋದಾಗ ಕ್ಲಬ್ಬಿನ ತಲೆ ಮೊದಲ ಬಾರಿ ನನ್ನ ಕೈಯನ್ನು ಜಗ್ಗಿತು. ಆ ದಿನ ಮರೆಯುವುದಿಲ್ಲ.

ಮುಲುಂಡ್_ಮಾವ

ಅಮ್ಮನಿಗೆ ನಮಸ್ಕಾರ ತಿಳಿಸಿ ಅಕ್ಕ. ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಕೊಥ್ರೂಡ್_ಹೊಸಬ

ನಾನು ಮೂರು ತಿಂಗಳ ವಿದ್ಯಾರ್ಥಿ. ಒಂದು ಗೊಂದಲ. ಲ್ಯಾಗ್, ಅಂದರೆ ಕ್ಲಬ್ಬಿನ ತಲೆ ಕೈಗಳಿಗಿಂತ ಹಿಂದೆ ಉಳಿಯುವುದು, ಬೇಕು ಅಂತ ಎಲ್ಲರೂ ಹೇಳುತ್ತಾರೆ. ಮಣಿಕಟ್ಟಿನ ಕೋನವನ್ನು ಕೆಳಗಿನವರೆಗೆ ಬಿಗಿಯಾಗಿ ಹಿಡಿದಿಟ್ಟುಕೊಳ್ಳಬೇಕಾ? ನಾನು ಹಾಗೆ ಮಾಡಿದರೆ ಚೆಂಡಿನ ನೆತ್ತಿಗೆ ತಾಗುತ್ತದೆ, ಇಲ್ಲವೇ ಬಲಕ್ಕೆ ಹಾರುತ್ತದೆ. ಮುಂಗೈ ಕೂಡ ನೋಯುತ್ತದೆ.

ಪಿಂಪ್ರಿ_ಮೆಕ್ಯಾನಿಕಲ್

ಬೇಡ, ಹಿಡಿದಿಡಬೇಡಿ. ಕ್ಲಬ್ ಮೇಲಿಂದ ಕೆಳಗೆ ಬರಲು ಕಾಲು ಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ ಸಾಕು. ಕಣ್ಣು ನೋಡಿ ಕೈ ಸರಿಪಡಿಸಲು ಸುಮಾರು 0.2 ಸೆಕೆಂಡ್ ಬೇಕು. ಅಂದರೆ ದಾರಿಯ ಮಧ್ಯದಲ್ಲಿ "ಈಗ ಹಿಡಿ, ಈಗ ಬಿಡು" ಅಂತ ತೀರ್ಮಾನ ಮಾಡಲು ಸಮಯವೇ ಇಲ್ಲ. ಮಣಿಕಟ್ಟು ಸಡಿಲ ಇದ್ದು, ಸೊಂಟ ಮೊದಲು ತಿರುಗಿದರೆ ಲ್ಯಾಗ್ ತಾನಾಗಿ ಬರುತ್ತದೆ. ಬಿಡುವ ಕೆಲಸವೂ ತಾನಾಗಿ ಆಗುತ್ತದೆ. 200 ಗ್ರಾಂ ತಲೆ ಗಂಟೆಗೆ 100 ಮೈಲಿಯಲ್ಲಿ ವೃತ್ತದಲ್ಲಿ ಸುತ್ತುವಾಗ ಹೊರಗೆ ಜಗ್ಗುವ ಬಲ 20 ಕೆಜಿ ಭಾರಕ್ಕಿಂತ ಜಾಸ್ತಿ. ಅದನ್ನು ಮಣಿಕಟ್ಟಿನಿಂದ ತಡೆಯಲು ಹೋದರೆ ನೋವು ಬರದೆ ಇನ್ನೇನು?

ಠಾಣೆಯ_ಶಿರಸಿ_ಅಕ್ಕ

ನೋವು ಇದ್ದರೆ ಒಂದು ವಾರ ಬಿಡಿ ತಮ್ಮಾ. ಗಟ್ಟಿ ಮ್ಯಾಟ್ ಮೇಲೆ ದಿನಾ ನೂರು ಚೆಂಡು ಹೊಡೆಯುವುದೂ ಕಾರಣ ಇರಬಹುದು. ಕಡಿಮೆ ಆಗದಿದ್ದರೆ ಡಾಕ್ಟರಿಗೆ ತೋರಿಸಿ.

ವಾಸ್ಕೋದ_ಹುಬ್ಳಿಯವ

ಗೋವಾದಿಂದ ನಮಸ್ಕಾರ ರೀ. ನಮ್ಮ ಅಜ್ಜ ಕವಣೆ ಬೀಸುತ್ತಿದ್ದರು. ಜೋಳ ಹಾಲುಗಾಳು ಆದಾಗ ಹೊಲದಲ್ಲಿ ಅಟ್ಟಣೆ ಹತ್ತಿ ನಿಂತು ಹಕ್ಕಿ ಓಡಿಸುವುದು. ಅಜ್ಜ ಹೇಳುತ್ತಿದ್ದ ಮಾತು, "ಕಲ್ಲಿನ ತೂಕ ಹಗ್ಗದಾಗ ಬಂತಂದ್ರ ಬಿಡು, ಅದಕಿಂತ ಮೊದಲ ಬಿಡಬ್ಯಾಡ." ಗಾಲ್ಫ್ ಶುರು ಮಾಡಿದಾಗ ಕೋಚ್ ಹೇಳಿದ್ದು ತಲೆಗೆ ಹೋಗಲಿಲ್ಲ. ಅಜ್ಜನ ಕವಣೆ ನೆನಪಾದ ಮೇಲೆ ಎಲ್ಲ ತಿಳಿಯಿತು. ಶಾಫ್ಟ್ ಅಂದರೆ ಹಗ್ಗ, ತಲೆ ಅಂದರೆ ಕಲ್ಲು. ಹಗ್ಗವನ್ನು ತಳ್ಳಲು ಆಗುತ್ತದೆಯೇ? ಜಗ್ಗಬೇಕು ಅಷ್ಟೆ.

ಇಲ್ಲಿ ರೇಂಜ್ ಹತ್ತಿರ ಇಲ್ಲ. ನಾನು ಬೆಳಗಾಗುವ ಹೊತ್ತಿಗೆ ಬೋಗ್ಮಾಲೊ ಬೀಚಿಗೆ ಹೋಗುತ್ತೇನೆ. ಚೆಂಡು ಒಯ್ಯುವುದಿಲ್ಲ, ಜನ ಓಡಾಡುವ ಜಾಗ. ಅಲೆ ಹಿಂದೆ ಸರಿದ ಗಟ್ಟಿ ಮರಳಿನ ಮೇಲೆ ಒಂದು ಗೆರೆ ಎಳೆಯುತ್ತೇನೆ. ಗೆರೆ ಎರಡು ಪಾದಗಳ ನಡುವೆ ಬರುವ ಹಾಗೆ ನಿಂತು 9 ಐರನ್ ಬೀಸುತ್ತೇನೆ. ಕ್ಲಬ್ ಮರಳಿಗೆ ಎಲ್ಲಿ ತಾಗಿತು ಅಂತ ಗುರುತು ಬೀಳುತ್ತದೆ. ಗೆರೆಯ ಹಿಂದೆ ಬಿದ್ದರೆ ಕಾಸ್ಟಿಂಗ್, ವೇಗ ಬೇಗ ಖಾಲಿ ಆಗಿದೆ ಅಂತ ಅರ್ಥ. ಗೆರೆಯ ಮುಂದೆ, ಎಡಗಡೆ ಬಿದ್ದರೆ ಸರಿ. ಹತ್ತು ಗುರುತು ಸಾಲಾಗಿ ಮಾಡಿ ನೋಡಿ. ಮರಳು ಸುಳ್ಳು ಹೇಳುವುದಿಲ್ಲ. ರೇಂಜಿನ ಮ್ಯಾಟ್ ಹೇಳುತ್ತದೆ, ಕ್ಲಬ್ ಹಿಂದೆ ತಾಗಿದರೂ ಜಾರಿ ಚೆಂಡಿಗೆ ಹೋಗಿ ಒಳ್ಳೆಯ ಹೊಡೆತದ ಹಾಗೆ ಕಾಣುತ್ತದೆ.

ಬಾಣೇರಿನ_ಬೆಳಗಾವಿಗ

ಮ್ಯಾಟ್ ವಿಷಯ ಈಗ ಅರ್ಥ ಆಯಿತು! ರೇಂಜ್‌ನಲ್ಲಿ ಸುಮಾರಾಗಿ ಹೊಡೆಯುತ್ತೇನೆ, ಹುಲ್ಲಿನ ಮೇಲೆ ಹೋದರೆ ಬರೀ ಮಣ್ಣು. ಎಲ್ಲರಿಗೂ ಥ್ಯಾಂಕ್ಸ್. ಟವೆಲ್ ಇವತ್ತೇ ಶುರು. ಕವಣೆ ನಾನೂ ಸಣ್ಣವನಿದ್ದಾಗ ಬೀಸಿದ್ದೇನೆ, ಆದರೆ ಗಾಲ್ಫಿಗೂ ಅದಕ್ಕೂ ನಂಟು ಇದೆ ಅಂತ ಹೊಳೆದಿರಲಿಲ್ಲ.

ಮುಲುಂಡ್_ಮಾವ

ನಮ್ಮ ಜಿ.ಆರ್. ವಿಶ್ವನಾಥ್ ಸ್ಕ್ವೇರ್ ಕಟ್ ನೆನಪಿದೆಯೇ? ಎತ್ತರ ಇಲ್ಲ, ತೋಳ್ಬಲ ಇಲ್ಲ, ಮಣಿಕಟ್ಟು ಅಷ್ಟೆ. ಚೆಂಡು ಬೌಂಡರಿ ಗೆರೆಗೆ ತಲುಪಿದ ಮೇಲೆ ಫೀಲ್ಡರ್ ತಿರುಗಿ ನೋಡುತ್ತಿದ್ದ.

ಖಾರ್ಘರ್_7ಐರನ್

ವಿಶಿ ಬಗ್ಗೆ ಮಾತಾಡಿದರೆ ಈ ಚರ್ಚೆ ಮುಗಿಯುವುದೇ ಇಲ್ಲ ಮಾವ. ಆದರೆ ಕ್ರಿಕೆಟ್ ಆಡಿ ಬಂದವರಿಗೆ ಒಂದು ಎಚ್ಚರಿಕೆ. ಕ್ರಿಕೆಟ್‌ನಲ್ಲಿ ಚೆಂಡು ನಮ್ಮ ಕಡೆಗೆ ಬರುತ್ತದೆ, ನಾವು ಕೊನೆಯ ಗಳಿಗೆಯಲ್ಲಿ ಕೆಳಗಿನ ಕೈಯಿಂದ ಹೊಡೆತ ಸೇರಿಸುತ್ತೇವೆ. ಗಾಲ್ಫ್‌ನಲ್ಲಿ ಆ ಬಲಗೈ ಮೇಲಿಂದಲೇ ಕೆಲಸ ಶುರು ಮಾಡಿಬಿಡುತ್ತದೆ. ಮೊದಲು ಎಡಗೈ ಒಂದರಲ್ಲೇ ವೆಜ್ (ಹತ್ತಿರದ ಹೊಡೆತಕ್ಕೆ ಬಳಸುವ ಗಿಡ್ಡ ಕ್ಲಬ್) ಹಿಡಿದು ಅರ್ಧ ಸ್ವಿಂಗ್ ಮಾಡಿ. ಒಂದು ಕೈಯಲ್ಲಿ ಜಗ್ಗಲು ಶಕ್ತಿ ಸಾಲದು, ಹಾಗಾಗಿ ಕ್ಲಬ್ಬಿನ ಭಾರಕ್ಕೆ ಒಪ್ಪಿಸಲೇಬೇಕು. ಆಮೇಲೆ ಎರಡೂ ಪಾದ ಜೋಡಿಸಿ ನಿಂತು ಹೊಡೆಯಿರಿ. ಆತುರ ಮಾಡಿದರೆ ಮುಗ್ಗರಿಸುತ್ತೀರಿ, ಯಾರೂ ಹೇಳುವುದು ಬೇಡ.

ಸಾಮಾನಿನ ಬಗ್ಗೆಯೂ ಒಂದು ಮಾತು. ಈಗಿನ ಡ್ರೈವರ್‌ಗಳ ಗ್ರಾಫೈಟ್ ಶಾಫ್ಟ್ 50ರಿಂದ 70 ಗ್ರಾಂ. ಐರನ್‌ಗಳ ಸ್ಟೀಲ್ ಶಾಫ್ಟ್ 100 ಗ್ರಾಂ ಆಸುಪಾಸು, ಕೆಲವು ಇನ್ನೂ ಜಾಸ್ತಿ. ಕಲಿಯುವವರಿಗೆ ತೀರ ಹಗುರದ ಕ್ಲಬ್ ಕೊಟ್ಟರೆ ತಲೆ ಎಲ್ಲಿದೆ ಅಂತ ತಿಳಿಯದೆ ಹೋಗಬಹುದು. ತಲೆಯ ಹಿಂದೆ ಸೀಸದ ಟೇಪ್ ಅಂಟಿಸಿ ನೋಡಿ. 2 ಗ್ರಾಂ ಸೇರಿಸಿದರೆ ಸ್ವಿಂಗ್‌ವೇಟ್ (ಬೀಸುವಾಗ ಕೈಗೆ ತಿಳಿಯುವ ತಲೆಯ ಭಾರದ ಅಳತೆ) ಸುಮಾರು ಒಂದು ಅಂಕ ಏರುತ್ತದೆ. 4 ಗ್ರಾಂ ಸೇರಿಸಿದರೇ ಸೂಕ್ಷ್ಮ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ.

ಚೆಂಬೂರು_ಶೆಟ್ರು

ಟೇಪ್ ಅಂಟಿಸಿದರೆ ಬೀಸು ಬದಲಾಗುವುದಿಲ್ಲ. ಮೊದಲು ಕೈ ಸಡಿಲ ಆಗಲಿ.

ಖಾರ್ಘರ್_7ಐರನ್

ಬೀಸು ಬದಲಾಗುತ್ತದೆ ಅಂತ ನಾನು ಹೇಳಲಿಲ್ಲ ಶೆಟ್ರೇ. ತಲೆ ಇದೆ ಅಂತ ಕೈಗೆ ನೆನಪಿಸುತ್ತದೆ ಅಂದೆ. ಇನ್ನೊಂದು, ಮುಂಬೈ ಸೆಕೆಯಲ್ಲಿ ಗ್ರಿಪ್ ಬಿಗಿಯಾಗಲು ಮುಖ್ಯ ಕಾರಣ ಬೆವರು. ಜಾರುತ್ತದೆ ಅನ್ನಿಸಿದರೆ ಯಾರ ಕೈಯಾದರೂ ಹಿಂಡಿ ಹಿಡಿಯುತ್ತದೆ. ನಾನು ಮೂರು ಗ್ಲೌಸ್ ಇಟ್ಟುಕೊಂಡು ನಾಲ್ಕು ಹೋಲಿಗೊಮ್ಮೆ ಬದಲಿಸುತ್ತೇನೆ. ಸವೆದ ಗ್ರಿಪ್ ಬದಲಿಸಿ. ಇದು ಶೆಟ್ರು ಹೇಳಿದ ಸಡಿಲ ಕೈಗೇ ಸಹಾಯ.

ಚೆಂಬೂರು_ಶೆಟ್ರು

ಗ್ಲೌಸ್ ಮಾತು ಒಪ್ಪಿದೆ.

ಕೊಥ್ರೂಡ್_ಹೊಸಬ

ಕ್ಲಬ್ಬಿಗೆ ಹಾಕುವ ಭಾರದ ರಿಂಗ್ ಸಿಗುತ್ತದಲ್ಲ, ಅದನ್ನು ಆಡುವಾಗ ಮಧ್ಯೆ ಮಧ್ಯೆ ಹಾಕಿ ಬೀಸಬಹುದಾ?

ಖಾರ್ಘರ್_7ಐರನ್

ಅಭ್ಯಾಸಕ್ಕೆ ಧಾರಾಳವಾಗಿ. ಟೂರ್ನಮೆಂಟ್ ಸುತ್ತು ಶುರುವಾದ ಮೇಲೆ ಬೇಡ. ನಿಯಮ 4.3ರ ಪ್ರಕಾರ ಸುತ್ತಿನ ನಡುವೆ ಅಂಥ ಸಾಧನ ಹಾಕಿ ಪ್ರಾಕ್ಟೀಸ್ ಸ್ವಿಂಗ್ ಮಾಡಿದರೂ ದಂಡ. ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ ಆಟ) ಆದರೆ ಮೊದಲ ಸಲ ಎರಡು ಸ್ಟ್ರೋಕ್, ಎರಡನೇ ಸಲ ಅನರ್ಹತೆ.

ಮುಲುಂಡ್_ಮಾವ

ಲಯಕ್ಕೆ ನನ್ನ ಉಪಾಯ: ಮನಸ್ಸಿನಲ್ಲಿ "ತ ಕ ಧಿ ಮಿ" ಹೇಳಿ. ಮೊದಲ "ತ"ಕ್ಕೆ ಹಿಂದಕ್ಕೆ ಹೊರಡಿ, "ಧಿ"ಗೆ ಮೇಲೆ, "ಮಿ"ಗೆ ಚೆಂಡು. ಆತುರ ಹೋಗುತ್ತದೆ.

ಡೊಂಬಿವಲಿ_ಮೃದಂಗ

ಮಾವ, ಉಪಾಯ ಚೆನ್ನಾಗಿದೆ, ಆದರೆ ಲೆಕ್ಕ ತಪ್ಪಿದೆ. "ತ"ದಿಂದ "ಧಿ"ಗೆ ಎರಡು ಎಣಿಕೆ, "ಧಿ"ಯಿಂದ "ಮಿ"ಗೆ ಒಂದು. ಇದು 2ಕ್ಕೆ 1 ಆಯಿತು. ಟೂರ್ ಆಟಗಾರರ ಪೂರ್ತಿ ಸ್ವಿಂಗ್ ಅಳೆದಾಗ ಸಿಗುವುದು ಸುಮಾರು 3ಕ್ಕೆ 1. ಮೇಲೆ ಹೋಗಲು 0.8 ಸೆಕೆಂಡ್ ಆದರೆ ಕೆಳಗೆ ಬರಲು 0.27ರ ಹತ್ತಿರ. ಹಾಗಾಗಿ "ತ ಕ ಧಿ ಮಿ | ತ" ಅಂತ ಎಣಿಸಬೇಕು. ಮೊದಲ "ತ"ಕ್ಕೆ ಹೊರಡಬೇಕು, "ಮಿ"ಗೆ ತುದಿ, ಮುಂದಿನ ಆವರ್ತದ "ತ"ಕ್ಕೆ ಚೆಂಡು. ಅಂದರೆ ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಸರಿಯಾಗಿ ಚೆಂಡು! ಪೆಟ್ಟು ಸಮದ ಮೇಲೆ ಬಿದ್ದಾಗ ಆಗುವ ಖುಷಿ ಮೃದಂಗ ಕಲಿತವರಿಗೆ ಗೊತ್ತು. ಎಣಿಕೆಯ ವೇಗ ಅವರವರ ಇಷ್ಟ, ಆದರೆ ಅನುಪಾತ ಬಿಡಬಾರದು.

ಮಾವನ ಎಣಿಕೆ ವ್ಯರ್ಥ ಅಲ್ಲ. ಚಿಪ್ ಮತ್ತು ಪಟ್‌ಗೆ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತಕ್ಕೆ) 2ಕ್ಕೆ 1 ಸರಿಹೊಂದುತ್ತದೆ. ಅಲ್ಲಿ ಅದನ್ನೇ ಇಟ್ಟುಕೊಳ್ಳಿ.

ಮುಲುಂಡ್_ಮಾವ

ಒಪ್ಪಿದೆ. ಹಾಗಾದರೆ ಇಷ್ಟು ವರ್ಷ ನನ್ನ ಚಿಪ್ ಚೆನ್ನಾಗಿದ್ದು ಡ್ರೈವರ್ ಕೈಕೊಟ್ಟಿದ್ದು ಇದಕ್ಕೇ. ನಾಳೆ ಬೆಳಿಗ್ಗೆಯೇ ಪ್ರಯೋಗ ಮಾಡುತ್ತೇನೆ.

ಪಿಂಪ್ರಿ_ಮೆಕ್ಯಾನಿಕಲ್

ಲಯ, ಸಡಿಲ ಕೈ ಎಲ್ಲ ಸರಿ. ಆದರೆ ಶಕ್ತಿ ಬೇಡವೇ ಬೇಡ ಅನ್ನುವ ಅರ್ಥ ಬರಬಾರದು. ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೊ ದೇಹ ಬೆಳೆಸಿ, ವೇಗ ಹೆಚ್ಚಿಸಿಕೊಂಡು 2020ರ ಯುಎಸ್ ಓಪನ್ ಗೆದ್ದರು. ಕಾಲು, ಸೊಂಟದ ಬಲ ಇಲ್ಲದೆ ಬರೀ ಫೀಲ್‌ನಿಂದ 280 ಗಜ ಹೋಗುವುದಿಲ್ಲ.

ಠಾಣೆಯ_ಶಿರಸಿ_ಅಕ್ಕ

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದರು. ಒಂದೇ ಸ್ಟ್ರೋಕ್‌ನಲ್ಲಿ ಪದಕ ತಪ್ಪಿತು. ಆ ಮೈದಾನದಲ್ಲಿ ದೂರ ಹೊಡೆಯುವವರ ಲೆಕ್ಕದಲ್ಲಿ ಅವರು ಕೊನೆಯ ಸಾಲಿನಲ್ಲಿದ್ದರು. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದ ನನ್ನ ಅತ್ತೆ ಕೂಡ ಟಿವಿ ಮುಂದೆ ಕೈಮುಗಿದು ಕೂತಿದ್ದರು.

ಪಿಂಪ್ರಿ_ಮೆಕ್ಯಾನಿಕಲ್

ಅದಿತಿ ಬಗ್ಗೆ ನನಗೂ ಅಷ್ಟೇ ಹೆಮ್ಮೆ ಇದೆ ಅಕ್ಕ. ಆದರೆ ಅವರನ್ನು ಮೇಲೆ ತಂದಿದ್ದು ಪಟ್ಟಿಂಗ್. ನಾವು ಮಾತಾಡುತ್ತಿರುವುದು ಸ್ವಿಂಗ್ ವೇಗದ ಬಗ್ಗೆ.

ಠಾಣೆಯ_ಶಿರಸಿ_ಅಕ್ಕ

ಪಟ್ಟಿಂಗ್‌ನಲ್ಲಿ ಕ್ಲಬ್‌ಹೆಡ್ ಫೀಲ್ ಬೇಡವೇ? ಹತ್ತು ಮೀಟರ್ ಪಟ್ ಹೋಲಿನ ಬಾಯಲ್ಲಿ ನಿಲ್ಲಬೇಕಾದರೆ ತಲೆಯ ಭಾರ ಬೆರಳಿಗೆ ಗೊತ್ತಿರಲೇಬೇಕು. ಫೀಲ್ ಕಲಿಯಲು ಪಟರ್‌ಗಿಂತ ಒಳ್ಳೆಯ ಜಾಗವೇ ಇಲ್ಲ. ಕಣ್ಣು ಮುಚ್ಚಿ ಪಟ್ ಮಾಡಿ, ಚೆಂಡು ಎಷ್ಟು ದೂರ ಹೋಯಿತು ಅಂತ ಕಣ್ಣು ತೆರೆಯುವ ಮೊದಲೇ ಹೇಳಿ. ಒಂದು ತಿಂಗಳಲ್ಲಿ ಕೈ ಎಷ್ಟು ಚುರುಕಾಗುತ್ತದೆ ನೋಡಿ.

ಪಿಂಪ್ರಿ_ಮೆಕ್ಯಾನಿಕಲ್

ಈ ಮಾತು ಒಪ್ಪಿದೆ. ಕಣ್ಣು ಮುಚ್ಚುವ ಅಭ್ಯಾಸ ನಾನು ಮಾಡಿಲ್ಲ, ಮಾಡುತ್ತೇನೆ.

ಚೆಂಬೂರು_ಶೆಟ್ರು

ಬಲ ಮತ್ತು ಫೀಲ್ ಅಂತ ಜಗಳ ಆಡುತ್ತಿದ್ದೀರಿ. ಒಬ್ಬರ ಕತೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಜೋನ್ಸ್ ಅಂತ ಒಬ್ಬ ಪ್ರೊ ಇದ್ದರು. ಮೊದಲ ಮಹಾಯುದ್ಧದಲ್ಲಿ ಮೊಣಕಾಲಿನ ಕೆಳಗೆ ಬಲಗಾಲು ಹೋಯಿತು. ಊರಿಗೆ ಬಂದು ಒಂಟಿ ಕಾಲಿನಲ್ಲಿ ನಿಂತು ಮತ್ತೆ ಆಡಿದರು. ಚೆನ್ನಾಗಿಯೇ ಆಡಿದರು. ಕಾಲಿಲ್ಲದೆಯೂ ಚೆಂಡು ಹೋಗುತ್ತಿದೆ ಅಂದರೆ ಗುಟ್ಟು ಎಲ್ಲಿದೆ ಅಂತ ಯೋಚಿಸಿದರು. ಆಮೇಲೆ ಅಮೆರಿಕಕ್ಕೆ ಹೋಗಿ ಎಷ್ಟೋ ವರ್ಷ ಕಲಿಸಿದರು. ಕಲಿಸಿದ್ದು ಒಂದೇ ಪಾಠ, ಕ್ಲಬ್ಬಿನ ತಲೆಯನ್ನು ಬೀಸು.

ಅವರು ಕರ್ಚೀಫಿನ ಮೂಲೆಗೆ ಸಣ್ಣ ಚಾಕು ಕಟ್ಟಿ ತೋರಿಸುತ್ತಿದ್ದರು. ಒಂದು ಕೈಯಲ್ಲಿ ಕರ್ಚೀಫು, ಇನ್ನೊಂದರಲ್ಲಿ ಕ್ಲಬ್, ಎರಡನ್ನೂ ಒಟ್ಟಿಗೆ ತೂಗುವುದು. ಸರಿಯಾಗಿ ಬೀಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ, ಬಟ್ಟೆ ನೆಟ್ಟಗೆ ಎಳೆದುಕೊಂಡಿರುತ್ತದೆ. ಬಲವಂತ ಮಾಡಿದರೆ ಕ್ಲಬ್ ಬರುತ್ತದೆ, ಕರ್ಚೀಫು ಸೋತು ಹಿಂದೆ ಉಳಿಯುತ್ತದೆ. ಚಾಕು ಬೇಡ, ನಾನು ಬೀಗದ ಕೈ ಗೊಂಚಲು ಕಟ್ಟುತ್ತೇನೆ. ಮನೆಯೊಳಗೆ ಕೂತು ಮಾಡಬಹುದು. ಬಲ್ಬ್ ಹತ್ತಿರ ಬೇಡ.

ವಾಸ್ಕೋದ_ಹುಬ್ಳಿಯವ

ಅಜ್ಜನ ಕವಣೆಯೇ ಆಯಿತಲ್ಲ ಶೆಟ್ರೇ!

ಡೊಂಬಿವಲಿ_ಮೃದಂಗ

ಅಕ್ಕನ ಅಮ್ಮನ ಚಾದರವೂ ಅದೇ.

ಬಾಣೇರಿನ_ಬೆಳಗಾವಿಗ

ಮೂರು ವಾರ ಆಯಿತು. ಏನಾಯಿತು ಅಂತ ಹೇಳುತ್ತೇನೆ.

ಮೊದಲ ವಾರ ಚೆಂಡು ಹೊಡೆಯಲಿಲ್ಲ. ಒದ್ದೆ ಟವೆಲ್, ತಲೆಕೆಳಗಾದ ಡ್ರೈವರ್, ಇವೆರಡೇ. ಶೆಟ್ರು ಹೇಳಿದ ಹಾಗೆಯೇ ಆಯಿತು. ಮೊದಲ ದಿನ ಸದ್ದು ಬಲಗಿವಿಯ ಹತ್ತಿರವೇ ಬಂತು. ನಾಲ್ಕನೇ ದಿನ ಮೊಣಕಾಲಿನ ಹತ್ತಿರ ಇಳಿಯಿತು. ಏಳನೇ ದಿನ ಎಡಗಡೆ ಬಂತು. ಅವತ್ತು ಹೆಂಡತಿಯನ್ನು ಕರೆದು "ಕೇಳು, ಸದ್ದು ಎಲ್ಲಿ ಬರುತ್ತದೆ ಹೇಳು" ಅಂತ ಕೇಳಿದೆ. ಅವಳು ಕಣ್ಣು ಮುಚ್ಚಿ ಎಡಕ್ಕೆ ಬೆರಳು ತೋರಿಸಿದಳು.

ಎರಡನೇ ವಾರ ವೆಜ್ ಮಾತ್ರ. ಪಾದ ಜೋಡಿಸಿ, ಸೊಂಟದಿಂದ ಸೊಂಟದ ಎತ್ತರದವರೆಗೆ. ಇಲ್ಲಿ ಒಂದು ವಿಚಿತ್ರ ಗಮನಿಸಿದೆ. ತುದಿಯಲ್ಲಿ ಒಂದು ಕ್ಷಣ ತಲೆ ಹಿಂದಕ್ಕೆ ಜಗ್ಗುತ್ತದೆ, ಬೆರಳುಗಳ ಒಳಗೆ. ಆ ಜಗ್ಗು ಬಂದ ಮೇಲೆ ಸೊಂಟ ತಿರುಗಿಸಿದರೆ ಉಳಿದದ್ದು ತಾನೇ ಆಗುತ್ತದೆ. ಎರಡು ವರ್ಷ ಆ ಜಗ್ಗು ಬರುವ ಮೊದಲೇ ನಾನು ಹೊರಟುಬಿಡುತ್ತಿದ್ದೆ.

ಈ ಶನಿವಾರ 7 ಐರನ್ ಹಿಡಿದೆ. "ತ ಕ ಧಿ ಮಿ | ತ". ಅರ್ಧ ಶಕ್ತಿಯಲ್ಲಿ ಹೊಡೆದ ಹಾಗೆ ಅನ್ನಿಸಿತು, 135 ಗಜ. ಮೂವತ್ತು ಚೆಂಡಿನಲ್ಲಿ ಹನ್ನೊಂದು ಹೀಗೆ ಹೋದವು. ಉಳಿದದ್ದು ಹಳೆಯ ಹಾಗೆಯೇ. ಡ್ರೈವರ್ ಹಿಡಿದರೆ ಈಗಲೂ ಮೇಲಿಂದ ಜಗ್ಗುತ್ತೇನೆ, ಚೆಂಡು ಬಲಕ್ಕೇ ಹೋಗುತ್ತದೆ. ಆ ಉದ್ದದ ಕ್ಲಬ್ ನೋಡಿದ ಕೂಡಲೇ "ಹೊಡಿ" ಅನ್ನುವ ಯೋಚನೆ ಮರಳಿ ಬರುತ್ತದೆ.

ಖಾರ್ಘರ್_7ಐರನ್

ಮೂವತ್ತರಲ್ಲಿ ಹನ್ನೊಂದು ಅಂದರೆ ತುಂಬಾ ಒಳ್ಳೆಯ ಸುದ್ದಿ. ಡ್ರೈವರ್ ಇನ್ನೊಂದು ತಿಂಗಳು ಬ್ಯಾಗ್‌ನಲ್ಲೇ ಇರಲಿ. ಮಧ್ಯದಲ್ಲಿ 5 ವುಡ್ ಅನ್ನುವ ಕ್ಲಬ್ ಇದೆ, ಅದರಲ್ಲಿ ಟೀ (ಮೊದಲ ಹೊಡೆತದ ಜಾಗ) ಮೇಲಿಂದ ಆಡಿ.

ಪಿಂಪ್ರಿ_ಮೆಕ್ಯಾನಿಕಲ್

ಜಗ್ಗು ಬಂದ ಮೇಲೆ ಸೊಂಟ ಅಂದಿರಿ. ಇನ್ನೂ ಸ್ವಲ್ಪ ಮುಂಚೆ ನೋಡಿ. ಅಕ್ಕನ ಅಮ್ಮನ ಹಾಗೆ, ತಲೆ ಇನ್ನೂ ಹಿಂದೆ ಹೋಗುತ್ತಿರುವಾಗಲೇ ಎಡಗಾಲಿಗೆ ಭಾರ ಬರಬೇಕು. ಆಗ ಆ ಜಗ್ಗು ಇನ್ನೂ ಜೋರಾಗುತ್ತದೆ. ಎಡಪಾದ ಎತ್ತಿ, ಕ್ಲಬ್ ಮೇಲೆ ಹೋಗುತ್ತಿರುವಾಗ ಹೆಜ್ಜೆ ಇಟ್ಟು ಹೊಡೆಯುವ ಡ್ರಿಲ್ ಮಾಡಿ. ಭಾನುವಾರ ಬೆಳಿಗ್ಗೆ ನಾನು ಪುಣೆ ರೇಂಜ್‌ನಲ್ಲೇ ಇರುತ್ತೇನೆ, ಬಂದರೆ ತೋರಿಸುತ್ತೇನೆ.

ಕೊಥ್ರೂಡ್_ಹೊಸಬ

ನಾನೂ ಬರಬಹುದಾ ಸಾರ್? ಮುಂಗೈ ನೋವು ಹೋಗಿದೆ. ವೆಜ್ ಒಂದೇ ತರುತ್ತೇನೆ.

ಪಿಂಪ್ರಿ_ಮೆಕ್ಯಾನಿಕಲ್

ಬನ್ನಿ, ಆರೂವರೆಗೆ. ಬಿಸಿಲು ಏರುವ ಮೊದಲು.

ಬಾಣೇರಿನ_ಬೆಳಗಾವಿಗ

ಖಂಡಿತ ಬರುತ್ತೇನೆ. ಟವೆಲ್ ನನ್ನ ಹತ್ತಿರ ಇದೆ, ಬಕೆಟ್ ನೀರು ಅಲ್ಲಿಯೇ ಸಿಗುತ್ತದೆ.